ರಾಶಿಯ ಮೇಲಿನ ಎಡಮುರಿ

ಮದುವೆಯ ಕರೆಯೋಲೆಯ ಮೂಲೆಯಲ್ಲಿ ಅರಿಶಿನ ಬಣ್ಣದ ಸ್ವಸ್ತಿಕ ಕಂಡರೆ ಎಲ್ಲರೂ ಕಣ್ಣಿಗೊತ್ತಿಕೊಳ್ಳುತ್ತಾರೆ. ನನಗೆ ಮಾತ್ರ ಈ ಮನೆಯಲ್ಲಿ ಯಾರು ಯಾರನ್ನು ನಂಬುವುದಿಲ್ಲವೋ ಎಂಬ ಯೋಚನೆ ಹತ್ತುತ್ತದೆ. ಮೊಮ್ಮಕ್ಕಳು ನಗುತ್ತಾರೆ. "ಅಜ್ಜಿಗೆ ದೇವರ ಗುರುತಿನ ಮೇಲೂ ಡೌಟು" ಎನ್ನುತ್ತಾರೆ. ನಗಲಿ ಬಿಡಿ, ಅವರೇನು ಕಂಡಿದ್ದಾರೆ ಮಹಾ! ಆ ಗುರುತಿನ ದೆಸೆಯಿಂದ ಒಂದು ಬೆಳಗ್ಗೆ ನಾನು ಕಳ್ಳಿಯಾಗಿದ್ದೆ, ನನ್ನ ಹೆತ್ತವ್ವ ಸಂತೆಯ ನಡುವೆ ಗಂಟು ಬಿಚ್ಚಿ ತೋರಿಸಬೇಕಾಗಿ ಬಂದಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ತವರು ಹೊಗೆನಕಲ್ಲಿನಿಂದ ಕೆಳಕ್ಕೆ, ಕಾವೇರಿಯ ದಂಡೆಯಲ್ಲಿತ್ತು. ಅಪ್ಪ ಒಕ್ಕಲುತನದ ಜೊತೆಗೆ ಊರ ಮಕ್ಕಳಿಗೆ ಮರಳಿನ ಮೇಲೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದ. ಸುತ್ತಮುತ್ತ ತಮಿಳೇ ಆದರೂ ನಾನು ನಾಲ್ಕಕ್ಷರ ಕನ್ನಡ ಬರೆಯುವಂತಾದದ್ದು ಅವನಿಂದಲೇ. ಅವ್ವ ಸುಗ್ಗಿಯಲ್ಲಿ ಕಾಳು ತುಂಬುವ ಮೊದಲು ಮಣ್ಣಿನ ವಾಡೆಯ ಹೊಟ್ಟೆಗೆ ಅರಿಶಿನದಲ್ಲಿ ಸ್ವಸ್ತಿಕ ಬರೆಯುತ್ತಿದ್ದಳು. ಅವಳ ಬಾಯಲ್ಲಿ ಅದು ಬಲಮುರಿ. ನಾಲ್ಕು ತೋಳೂ ಬಲಕ್ಕೆ ತಿರುಗಬೇಕು, ಎಡಕ್ಕೆ ತಿರುಗಿದರೆ ಎಡಮುರಿ, ಅದು ಮಾಟದವರ ಕೆಲಸ ಎನ್ನುತ್ತಿದ್ದಳು. "ಯಾಕವ್ವಾ ಇದು?" ಎಂದು ಕೇಳಿದರೆ, "ಬರೋದು ಬರ್ಲಿ ಅಂತ ಕಣೆ, ಇನ್ಯಾಕೆ?" ಎಂದು ಸುಮ್ಮನಾಗಿಸುತ್ತಿದ್ದಳು.

ಅಪ್ಪನ ಉತ್ತರ ಇಷ್ಟು ಸಲೀಸಾಗಿರಲಿಲ್ಲ. ಅದು ಸೂರ್ಯ ಸುತ್ತುವ ದಾರಿ ಎನ್ನುತ್ತಿದ್ದ, ಗಣಪತಿಯ ಗುರುತು ಎನ್ನುತ್ತಿದ್ದ, ಜೈನರು ಅದನ್ನೇ ಬೇರೆ ಅರ್ಥದಲ್ಲಿ ಅಕ್ಕಿಯಲ್ಲಿ ಬಿಡಿಸುತ್ತಾರೆ ಎನ್ನುತ್ತಿದ್ದ. ಒಮ್ಮೆ ಹೊಲ ಉಳುವಾಗ ಕಲ್ಲುಚಪ್ಪಡಿಯ ಹಳೆಯ ಗೋರಿಯೊಂದು ಬಾಯಿ ಬಿಟ್ಟು, ಅದರೊಳಗೆ ಕಪ್ಪು ಕೆಂಪು ಬಣ್ಣದ ಮಡಕೆಯ ಚೂರುಗಳು ಸಿಕ್ಕವು. ಒಂದು ಚೂರಿನ ಮೇಲೆ ಮೊಳೆಯಿಂದ ಗೀಚಿದಂಥ ಅದೇ ಗುರುತು. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಇದ ಬರ್ದೋನ್ಗೆ ಗಣಪತಿ ಗೊತ್ತಿದ್ನೋ ಇಲ್ವೋ! ಆದ್ರೂ ಎಲ್ಲಾರ್ಗೂ ಒಳ್ಳೇದಾಗ್ಲಿ ಅಂತಾನೇ ಬರ್ದವ್ನೆ" ಎಂದ. ಆಗ ನಾನೂ ತಲೆಯಾಡಿಸಿದೆ. ಈಗ ಕೇಳಿದರೆ, ಆ ಕುಂಬಾರನೋ ಆ ಮನೆಯವನೋ ಇದು ನನ್ನ ಮಡಕೆ, ಮುಟ್ಟಬೇಡ ಎಂದು ಗೀಚಿರಬೇಕು ಎನ್ನುತ್ತೇನೆ. ನನ್ನತ್ತೆಯ ಮನೆಯಲ್ಲಿ ಇದ್ದು ಬಂದವರು ಯಾರಾದರೂ ಹಾಗೆಯೇ ಅನ್ನುತ್ತಾರೆ.

ನನ್ನನ್ನು ಕೊಟ್ಟದ್ದು ಮಾರಂಡಹಳ್ಳಿಯ ಮಗ್ಗುಲಿನ ಒಂದು ಹಳ್ಳಿಗೆ. ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುವ ಕೈತುಂಬ ಕೆಲಸದ ಮನೆ. ಮಾವ ಇರಲಿಲ್ಲ. ಅತ್ತೆಯದೇ ಆಡಳಿತ. ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ತಮ್ಮವ್ವನ ಎದುರಿಗಂತೂ ಬಾಯಲ್ಲಿ ನಾಲಗೆ ಇದೆಯೋ ಇಲ್ಲವೋ ಎಂಬಂತೆ ಇರುತ್ತಿದ್ದರು. ಮೈದುನ ಧರ್ಮಪುರಿಯಲ್ಲಿ ಓದುತ್ತ ಅಲ್ಲೇ ನೆಂಟರ ಮನೆಯಲ್ಲಿದ್ದ. ಇಷ್ಟೇ ಜನ.

ಅತ್ತೆಗೆ ಅನುಮಾನವೆಂಬುದು ಉಸಿರಾಟವಾಗಿತ್ತು. ಬೆಣ್ಣೆಯ ಗಡಿಗೆಯೊಳಗೆ ಬೆಣ್ಣೆ ಎಲ್ಲಿಯವರೆಗೆ ಇದೆ ಎಂದು ಉಗುರಿನಲ್ಲಿ ಗೆರೆ ಎಳೆದಿಡುತ್ತಿದ್ದರು. ಕೋಳಿ ಮೊಟ್ಟೆಯಿಟ್ಟ ಸದ್ದು ಕೇಳಿ, ತಾವೇ ಹೋಗಿ ಎತ್ತಿಕೊಳ್ಳುವ ತನಕ ನನ್ನನ್ನು ಹಿತ್ತಲಿಗೆ ಬಿಡುತ್ತಿರಲಿಲ್ಲ. ಮೊದಮೊದಲು ಅದು ಎಲ್ಲರ ಮೇಲೂ ಸಮನಾಗಿ ಬೀಳುತ್ತಿದ್ದ ಅನುಮಾನ. ಮೆಟ್ಟೂರಿನಲ್ಲಿ ಕಾವೇರಿಗೆ ಅಣೆ ಕಟ್ಟಿ, ನೀರು ಹಿಂದಕ್ಕೆ ಏರಿ, ನಮ್ಮ ತವರಿನ ಹೊಲ ಮನೆ ಎಲ್ಲ ಮುಳುಗಿದ ಮೇಲೆ ಅದು ಒಟ್ಟಾಗಿ ನನ್ನ ತಲೆಯ ಮೇಲೆ ಕೂತಿತು. ಅಪ್ಪ ಅವ್ವ ಪೆನ್ನಾಗರದ ಕಡೆ ಕಲ್ಲುಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡು ಬಿದ್ದರು. ಅಲ್ಲಿ ಬಿತ್ತಿದ್ದು ಬೆಳೆಯುತ್ತಿರಲಿಲ್ಲ. ಇದು ಅತ್ತೆಗೂ ಗೊತ್ತು. "ಮುಳುಗೋದ ಮನೆ ಎಣ್ಣು. ಕೈ ಸುಮ್ಕಿರ್ತದಾ?" ಎಂದು ಬಾವಿಕಟ್ಟೆಯಲ್ಲಿ ಅಂದದ್ದು ನನ್ನ ಕಿವಿಗೂ ಬಿತ್ತು. ಕೇಳಿಸದವಳ ಹಾಗೆ ಕೊಡ ತುಂಬಿಕೊಂಡು ಬಂದೆ.

ಸುಗ್ಗಿಯಲ್ಲಿ ಆ ಮನೆಯ ಸ್ವಸ್ತಿಕದ ನಿಜವಾದ ಮುಖ ನೋಡಿದೆ. ರಾಗಿ ತುಳಿಸಿ, ತೂರಿ, ಕಣದ ನಡುವೆ ರಾಶಿ ಮಾಡುತ್ತಾರೆ. ಒಳ್ಳೆಯ ದಿನ ಬರುವ ತನಕ, ಕಮ್ಮಾರ ಅಗಸ ಮುಂತಾದ ಪಾಲಿನವರೆಲ್ಲ ಸೇರುವ ತನಕ, ರಾಶಿಯನ್ನು ಅಳೆಯುವಂತಿಲ್ಲ. ಅಷ್ಟು ದಿನವೂ ಅದು ಬಯಲಲ್ಲೇ ಇರಬೇಕು. ಅದಕ್ಕೆ ಕಾವಲು ಮುದ್ರೆ. ರಾಶಿಯ ಸುತ್ತಲೂ ಇಳಿಜಾರಿನಲ್ಲಿ ಹಸಿಮಣ್ಣಿನ ಉಂಡೆಗಳನ್ನು ತಟ್ಟಿ, ಒಂದೊಂದರ ಮೇಲೂ ಮರದ ಅಚ್ಚು ಒತ್ತುತ್ತಾರೆ. ಯಾರಾದರೂ ಒಂದು ಬೊಗಸೆ ರಾಗಿ ತೆಗೆದರೂ ರಾಶಿ ಜಾರುತ್ತದೆ, ಮಣ್ಣು ಬಿರಿಯುತ್ತದೆ, ಗುರುತು ಮುರಿಯುತ್ತದೆ. ಅತ್ತೆಯ ಅಚ್ಚಿನಲ್ಲಿದ್ದದ್ದು ಸ್ವಸ್ತಿಕ. ಹಾಗೆ ನೋಡಿದರೆ ಅದು ಪೂಜೆಯೂ ಹೌದು, ಬೀಗವೂ ಹೌದು. ಅತ್ತೆ ಕೈಮುಗಿದು ಒತ್ತುತ್ತಿದ್ದರು, ಬೆಳಗ್ಗೆ ಎದ್ದು ಒಂದೊಂದು ಉಂಡೆಯನ್ನೂ ಬೆರಳಿನಿಂದ ಸವರಿ ನೋಡುತ್ತಿದ್ದರು. ಮಿಕ್ಕ ಹೊತ್ತು ಅಚ್ಚು ಅವರ ಸೊಂಟದ ಮಡಿಕೆಯಲ್ಲಿ ಇರುತ್ತಿತ್ತು.

ಅಣೆಕಟ್ಟು ಮುಗಿದು ಒಂದೆರಡು ಸುಗ್ಗಿ ಕಳೆದಿತ್ತು. ಆ ಹಳೆಯ ಅಚ್ಚು ಸೀಳು ಬಿಟ್ಟಿತು. ಹೊಸದು ಮಾಡಿಸಬೇಕು. ಊರಿನ ಆಚಾರಿಯನ್ನು ಕರೆದರೆ ಆಯಿತಲ್ಲ? ಊಹೂಂ. ಊರವನು ಇನ್ನೊಂದು ಅಚ್ಚು ಕೆತ್ತಿ ಯಾರಿಗಾದರೂ ಕೊಟ್ಟುಬಿಟ್ಟರೆ? ಅದಕ್ಕೇ ಕಾರಿಮಂಗಲದ ಕಡೆಯಿಂದ ಬಂದು ಪಕ್ಕದ ಹಳ್ಳಿಯಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ ಆಚಾರಿಯನ್ನು ಕರೆಸಿದರು. ಅವನ ಕೈಗಾದರೂ ಹಳೆಯ ಅಚ್ಚು ಕೊಟ್ಟರೇ? ಅದೂ ಇಲ್ಲ. ಹೋದ ವರ್ಷ ವಾಡೆಯ ಬಾಯಿಗೆ ಮಣ್ಣು ಮೆತ್ತಿ ಮುದ್ರೆ ಒತ್ತಿದ್ದು ಹಾಗೆಯೇ ಇತ್ತು. ಅದನ್ನು ದೂರದಿಂದ ತೋರಿಸಿ, "ಇಂಗೇ ಇರ್ಬೇಕು, ನೋಡ್ಕ. ಮುಟ್ಬ್ಯಾಡ" ಎಂದರು. ಆಚಾರಿ ಒಂದು ಗಳಿಗೆ ಅವರ ಮುಖ ನೋಡಿದ, ಒಂದು ಗಳಿಗೆ ಮಣ್ಣು ನೋಡಿದ, ಉಳಿಯ ಚೀಲ ಹೆಗಲಿಗೇರಿಸಿಕೊಂಡು ಹೋದ. ಹೊಸ ಅಚ್ಚು ಬಂದ ದಿನವೇ ಅತ್ತೆ ಹಳೆಯದನ್ನು ನನ್ನ ಕಣ್ಣೆದುರೇ ಒಲೆಗೆ ಹಾಕಿ, ಅದು ಬೂದಿಯಾಗುವ ತನಕ ಅಲ್ಲೇ ಕೂತಿದ್ದರು. ಮಿಕ್ಕ ಕೆಂಡವನ್ನು ಯಾರಾದರೂ ಕದ್ದಾರೆಂದೋ ಏನೋ!

ರಾಶಿ ಆದ ದಿನ ಸಂಜೆಗೆ ಅವ್ವ ಬಂದಳು. ನನ್ನನ್ನು ನೋಡದೆ ಬಹಳ ದಿನವಾಗಿತ್ತು, ಅಷ್ಟೇ. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಅತ್ತೆ, "ಬನ್ನಿ ಬೀಗ್ತಿ, ಸುಗ್ಗಿ ಒತ್ಗೆ ಸರ್ಯಾಗಿ ಬಂದ್ರಿ" ಎಂದರು. ಅವ್ವ ನಕ್ಕಳು. ಅದರೊಳಗಿನ ಮುಳ್ಳು ಅವಳಿಗೆ ತಾಗಲಿಲ್ಲವೋ, ತಾಗಿದರೂ ತೋರಿಸಿಕೊಳ್ಳಲಿಲ್ಲವೋ. ದೀಪ ಹಚ್ಚುವ ಹೊತ್ತಾಗುತ್ತಿತ್ತೆಂದು ಅತ್ತೆ ಆತುರಾತುರವಾಗಿ ಕಣಕ್ಕೆ ಹೋಗಿ ಮುದ್ರೆ ಒತ್ತಿ ಬಂದರು. ಅವರ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಮಬ್ಬಿನಲ್ಲಿ ಒತ್ತಿದ್ದೇನು, ಮೂಡಿದ್ದೇನು ಎಂದು ನೋಡಲಿಲ್ಲ. ಮೊದಲ ಕೋಳಿ ಕೂಗಿದಾಗ ಅವ್ವ ಹೊರಟಳು. ದಾರಿಗೆಂದು ಎರಡು ರಾಗಿರೊಟ್ಟಿಯನ್ನು ಅತ್ತೆಯೇ ಎಲೆಯಲ್ಲಿ ಸುತ್ತಿ ಕೊಟ್ಟರು. ಅಷ್ಟರಮಟ್ಟಿಗೆ ಮರ್ಯಾದೆಯ ಮನೆಯೇ ಅದು.

ಬೆಳಕು ಹರಿದ ಮೇಲೆ ಕಣದಿಂದ ಅತ್ತೆಯ ಕೂಗು ಕೇಳಿತು. ನಾನೂ ನನ್ನ ಗಂಡನೂ ಓಡಿದೆವು. ಅವರು ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಉಂಡೆಯ ಮೇಲೆ ಬೆರಳಿಟ್ಟುಕೊಂಡಿದ್ದರು.

"ನೋಡ್ಲಾ ಇಲ್ಲಿ. ಎಡಮುರಿ! ನಾನು ಒತ್ತಿದ್ದಲ್ಲ ಇದು. ನನ್ ಮುದ್ರೆ ಕಿತ್ತಾಕಿ, ಕಳ್ಳ ಅಚ್ಚಲ್ಲಿ ಒತ್ತವ್ರೆ."

ನಾನು ಬಗ್ಗಿ ನೋಡಿದೆ. ನಿಜ, ಎಲ್ಲ ಉಂಡೆಗಳಲ್ಲೂ ತೋಳುಗಳು ಎಡಕ್ಕೇ ತಿರುಗಿದ್ದವು. ಆದರೆ ರಾಶಿ ಎಲ್ಲೂ ಜಾರಿರಲಿಲ್ಲ, ಒಂದು ಉಂಡೆಯೂ ಬಿರಿದಿರಲಿಲ್ಲ.

"ಅತ್ತೆ, ರಾಶಿ ಕದಲೇ ಇಲ್ವಲ್ಲ. ತಗ್ದಿದ್ರೆ ಜಾರ್ಬೇಕಿತ್ತಲ್ವಾ?" ಎಂದೆ.

"ಅದ್ಕೇ ಅಲ್ವೇನಮ್ಮಿ ಒಸಾ ಮಣ್ಣಿಟ್ಟಿರಾದು! ರಾಶೀನೂ ಸಮ ಮಾಡವ್ರೆ. ಒರಗ್ನೋರ್ಗೆ ಇಷ್ಟು ಬುದ್ದಿ ಎಲ್ಲಿಂದ ಬತ್ತದೆ? ಮನೇವ್ರೇ ಆಗ್ಬೇಕು." ಎದ್ದು ನಿಂತು ನನ್ನ ಮುಖವನ್ನೇ ನೋಡಿದರು. "ನಿಮ್ಮವ್ವ ಯಾಕಮ್ಮಿ ಕೋಳಿ ಕೂಗೋ ಒತ್ಗೇ ಎದ್ದೋಗಿದ್ದು?"

ಇದಕ್ಕೆ ಏನು ಹೇಳಲಿ? ದೂರದ ದಾರಿ, ಬಿಸಿಲು ಏರುವ ಮೊದಲು ಹೊರಟಳು ಎಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಮಗನ ಕಡೆ ತಿರುಗಿ, "ಓಗು. ದಾರೀಲೇ ಅವಳ್ನ ಇಡ್ದು ಗಂಟು ಬಿಚ್ಸು. ರಾಗಿ ಇದ್ರೆ ಇವಳ್ನೂ ಅವಳ ಜೊತೇಲೇ ಕಳ್ಸಿಬುಡು. ಕಳ್ಳೀನ ಮನೇಲಿಟ್ಕಳೋ ಕರ್ಮ ನನ್ಗಿಲ್ಲ" ಎಂದರು.

ನನ್ನ ಗಂಡ ನನ್ನ ಕಡೆ ಒಮ್ಮೆ ನೋಡಿದರು. ಬೇಡ ಎನ್ನಬಾರದೇ! ಒಂದು ಮಾತು ಆಡಬಾರದೇ! ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದರು. ನಾನು ಕಣದ ಅಂಚಿನಲ್ಲಿ ಕೂತೆ. ಕಳ್ಳಿ ಎಂದು ಹೊರಹಾಕಿದರೆ ಹೋಗುವುದು ಎಲ್ಲಿಗೆ? ಎರಡು ಜನಕ್ಕೇ ಅಂಬಲಿ ಸಾಲದ ಆ ಗುಡಿಸಲಿಗೆ. ಹೋದರೂ ಕಳ್ಳಿಯ ಹೆಸರು ನನ್ನ ಹಿಂದೆಯೇ ಬರುತ್ತದೆ, ಅಪ್ಪನ ಹತ್ತಿರ ಅಕ್ಷರ ಕಲಿಯಲು ಮತ್ತೆ ಯಾರು ಮಕ್ಕಳನ್ನು ಕಳಿಸುತ್ತಾರೆ? ಅಳು ಬರಲಿಲ್ಲ. ಸಿಟ್ಟು ಬಂತು. ಅತ್ತೆಯ ಮೇಲೆ, ಗಂಡನ ಮೇಲೆ, ಆ ದರಿದ್ರ ಗುರುತಿನ ಮೇಲೆ.

ಸಿಟ್ಟಿನಲ್ಲೇ ಒಂದು ಯೋಚನೆ ಹೊಳೆಯಿತು. "ಅತ್ತೆ, ನಿಮ್ ಅಚ್ಚ ಒಂದ್ಸಾರಿ ಬೆಳಕಲ್ಲಿ ಒತ್ತಿ ನೋಡಿ" ಎಂದೆ.

"ಆಹಾ! ಯಾಕೆ, ನೀನೂ ನೋಡ್ಕಂಡು ಇನ್ನೊಂದ ಮಾಡ್ಸಾಕಾ?" ಎಂದು ಸೊಂಟದ ಮಡಿಕೆಯನ್ನು ಇನ್ನೂ ಬಿಗಿ ಮಾಡಿಕೊಂಡರು. ಆಮೇಲೆ ಎಷ್ಟು ಕೇಳಿಕೊಂಡರೂ ತೆಗೆಯಲಿಲ್ಲ.

ಅವ್ವ ಮಾರಂಡಹಳ್ಳಿ ಸಂತೆಯ ಹತ್ತಿರ ಸಿಕ್ಕಿದ್ದಳು. ಅಂದೇ ಸಂತೆ, ಪೆನ್ನಾಗರದ ಕಡೆಯ ಗಾಡಿ ಸಿಗಬಹುದೆಂದು ಅಲ್ಲೇ ಕಾಯುತ್ತ ಕೂತಿದ್ದಳಂತೆ. ಅಳಿಯ ಓಡಿ ಬಂದದ್ದು ನೋಡಿ, ಮಗಳಿಗೇನಾಯಿತೋ ಎಂದು ಹೆದರಿದಳಂತೆ. ಗಂಟು ಬಿಚ್ಚಬೇಕು ಎಂದು ಅವರು ಹೇಗೆ ಕೇಳಿದರೋ, ಯಾವ ಬಾಯಲ್ಲಿ ಕೇಳಿದರೋ, ಅದನ್ನು ಅವರು ಸಾಯುವವರೆಗೂ ನನಗೆ ಹೇಳಲಿಲ್ಲ. ಸಂತೆಯ ಜನ ಸುತ್ತ ಸೇರಿದರು. ಯಾರೋ ತರಕಾರಿಯವಳು, "ಎನ್ನಮ್ಮಾ, ಎನ್ನ ತಿರುಡಿನೆ?" ಎಂದು ಕೇಳಿದಳಂತೆ, ಏನು ಕದ್ದೆ ಎಂದು. ಅವ್ವ ನೆಲದ ಮೇಲೆ ಗಂಟಿಟ್ಟು ಬಿಚ್ಚಿದಳು. ಒಂದು ಹಳೆಯ ಸೀರೆ, ಎಲೆಯಡಿಕೆಯ ಚೀಲ, ನಮ್ಮತ್ತೆ ಕಟ್ಟಿಕೊಟ್ಟ ಎರಡು ರೊಟ್ಟಿ. ರೊಟ್ಟಿಯನ್ನು ಅಳಿಯನ ಕೈಗೆ ವಾಪಸು ಕೊಟ್ಟು, ಮಿಕ್ಕದ್ದನ್ನು ಕಟ್ಟಿಕೊಂಡು ಹೋದಳು.

ಇವರು ಆ ರೊಟ್ಟಿಗಳನ್ನು ಹಿಡಿದುಕೊಂಡೇ ಮನೆಗೆ ಬಂದರು. ತಮ್ಮವ್ವನ ಮುಂದೆ ರೊಟ್ಟಿ ಇಟ್ಟು, "ಇಷ್ಟೇ ಇದ್ದಿದ್ದು" ಎಂದರು. ಅತ್ತೆ, "ಅಂಗಾದ್ರೆ ದಾರೀಲಿ ಯಾರ್ಗೋ ಕೊಟ್ಟವ್ಳೆ" ಎಂದು ಬಾಯಿ ತೆರೆದರಷ್ಟೇ. ಆ ಮನುಷ್ಯ ಹುಟ್ಟಿದಂದಿನಿಂದ ತಮ್ಮವ್ವನಿಗೆ ಎದುರಾಡಿದ್ದೇ ಇಲ್ಲ, ಆದರೆ ಆ ದಿನ ಕೈ ಚಾಚಿ, "ತಾ ಅಚ್ಚ" ಎಂದರು. ಅತ್ತೆ ಹಿಂದೆ ಸರಿದರು. "ತಾರವ್ವಾ ಅಂದ್ರೆ!" ಎಂದು ಕಿರುಚಿ, ಅವರ ಸೊಂಟದಿಂದ ಕಿತ್ತುಕೊಂಡು, ದನದ ತೊಟ್ಟಿಯ ಪಕ್ಕದ ಹಸಿಮಣ್ಣಿಗೆ ಒತ್ತಿ ಎತ್ತಿದರು.

ಎಡಮುರಿ. ಕಣದಲ್ಲಿದ್ದುದೂ ಇದೂ ಒಂದೇ.

ಅತ್ತೆ ಬಗ್ಗಿ ಅದನ್ನು ಬೆರಳಿನಿಂದ ಸವರಿದರು, ಇನ್ನೊಮ್ಮೆ ಸವರಿದರು. "ಆಚಾರಿ ಮೋಸ ಮಾಡವ್ನೆ" ಎಂದರು.

ಆಚಾರಿಯನ್ನು ಆ ಮಧ್ಯಾಹ್ನವೇ ಪಕ್ಕದ ಹಳ್ಳಿಯಿಂದ ಕರೆತಂದರು. ಅವನು ಒಂಚೂರೂ ಅಳುಕಲಿಲ್ಲ. "ನೀವು ಅಚ್ಚು ತೋರ್ಸಿದ್ರಾ ದೊಡ್ಡವ್ವಾ? ಮಣ್ಣು ತೋರ್ಸುದ್ರಿ. ಮಣ್ಣಲ್ಲಿ ಎಂಗಿತ್ತೋ ಅಂಗೇ ಮರದಲ್ಲಿ ಕೆತ್ತಿದೆ. ಮರದಲ್ಲಿ ಬಲಕ್ಕಿದ್ರೆ ಮಣ್ಣಲ್ಲಿ ಎಡಕ್ಕೆ ಬೀಳ್ತದೆ. ಒಂದ್ಸಾರಿ ಮುಟ್ಟಿ ನೋಡ್ಲಾ ಅಂತ ಕೇಳಾಣ ಅಂದ್ರೆ, ಕೈ ಇಡ್ಬ್ಯಾಡ ಅಂದ್ಬುಟ್ರಿ" ಎಂದ. ಅಚ್ಚು ಕೆತ್ತುವ ಆಚಾರಿಗೆ ತಿರುವುಮುರುವು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಮಾಡಿದ ಎಂದು ನನ್ನ ಅನುಮಾನ. ನಂಬದವರಿಗೆ ಅವರು ಕೇಳಿದ್ದನ್ನಷ್ಟೇ ಕೊಟ್ಟು ಕೈ ತೊಳೆದುಕೊಂಡ. ನನ್ನ ಸಂಸಾರ ಅದರಲ್ಲಿ ಮುರಿದುಬೀಳುತ್ತಿತ್ತು, ಅದು ಅವನಿಗೆ ಬೇಕಾಗಿರಲಿಲ್ಲ.

ತಪ್ಪಾಯಿತು ಎಂಬ ಮಾತು ಅತ್ತೆಯ ಬಾಯಿಂದ ಬರಲಿಲ್ಲ. ಸಂಜೆ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಚಮಚ ತುಪ್ಪ ಬಿತ್ತು, ಅಷ್ಟೇ. ಅಚ್ಚನ್ನಾದರೂ ಬದಲಾಯಿಸಿದರೇ? ಇಲ್ಲ ಮಾರಾಯರೆ! ಎಡಮುರಿಯನ್ನು ಮುಟ್ಟಲು ಕಳ್ಳನೂ ಹೆದರುತ್ತಾನೆ ಎಂದು ಲೆಕ್ಕ ಹಾಕಿ ಅದನ್ನೇ ಇಟ್ಟುಕೊಂಡರು. ಮುಂದಿನೆರಡು ವರ್ಷ ಮಳೆ ಚೆನ್ನಾಗಿ ಬಿದ್ದು ನಮ್ಮ ರಾಶಿ ದೊಡ್ಡದಾಯಿತು. ಅಕ್ಕಪಕ್ಕದ ಹೆಂಗಸರು ಬಂದು ನೋಡಿಕೊಂಡು ಹೋಗಿ, ತಮ್ಮ ವಾಡೆಗಳ ಮೇಲೂ ಎಡಮುರಿ ಬರೆಯತೊಡಗಿದರು. ಅದು ಲಕ್ಷ್ಮಿಯ ಗುರುತೆಂದು ಒಬ್ಬಾಕೆ ನನಗೇ ಹೇಳಿಕೊಟ್ಟಳು. ಯಾವ ದೇವರ ಗುರುತು ಎಲ್ಲಿಂದ ಹೇಗೆ ಹುಟ್ಟಿತೋ ಎಂದು ಯಾರಾದರೂ ದೊಡ್ಡ ದನಿಯಲ್ಲಿ ಹೇಳಲು ಕೂತರೆ, ನನಗೆ ಆ ಹೆಂಗಸಿನ ಭಕ್ತಿ ತುಂಬಿದ ಮುಖ ನೆನಪಾಗುತ್ತದೆ.

ಆ ದಿನಗಳಲ್ಲೇ ಮೈದುನ ಧರ್ಮಪುರಿಯಿಂದ ಒಂದು ತಮಿಳು ಪೇಪರು ತಂದ. ಅದರಲ್ಲಿ ಜರ್ಮನಿ ದೇಶದ ಸಾಲು ಸಾಲು ಸೈನಿಕರ ಚಿತ್ರ. ಅವರ ಬಾವುಟದ ನಡುವೆ, ಓರೆಯಾಗಿ ನಿಲ್ಲಿಸಿದ ಸ್ವಸ್ತಿಕ. "ನೋಡಿ ಅತ್ಗೆ, ನಮ್ ಸ್ವಸ್ತಿಕಾನ ವೆಳ್ಳಕ್ಕಾರರೂ, ಆ ಬಿಳಿ ಜನಾನೂ ಇಟ್ಕಂಡವ್ರೆ! ನಮ್ ದೇಶದ ಮೈಮೆ!" ಎಂದು ಹಿಗ್ಗಿದ. ಅವನ ಮೇಷ್ಟರೂ ಹಾಗೇ ಹೆಮ್ಮೆಪಟ್ಟರಂತೆ. ಅತ್ತೆ ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇವ್ನು ಯಾರ ರಾಶಿ ಮೇಲೆ ಒತ್ತಾಕೆ ಒಂಟವ್ನೆ?" ಎಂದರು.

"ರಾಶೀ ಅಲ್ಲವ್ವಾ, ಅದು ಕೊಡಿ, ಬಾವುಟ."

"ಯಾವ್ದೋ ಒಂದು. ಇವ್ನಿಗೆ ಮನೇವ್ರ ಮೇಲೇ ಅನ್ಮಾನ ಐತೆ ಕಣ್ಲಾ. ಇಲ್ದಿದ್ರೆ ಇಷ್ಟು ಜನುಕ್ಕೆ ಯಾಕೊತ್ತವ್ನೆ?"

ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ದೇಶದಲ್ಲಿ ಮನೆಯವರನ್ನೇ ಕಳ್ಳರೆಂದು ಹಿಡಿದು ಏನೇನು ಮಾಡಿದರೆಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಅಷ್ಟು ಓದಿದ ಮೇಷ್ಟರಿಗೆ ಅದರಲ್ಲಿ ಕಂಡದ್ದು ಮಹಿಮೆ. ನಮ್ಮತ್ತೆಗೆ ಗುರುತು ಸಿಕ್ಕಿದ್ದು ಜಾಣತನದಿಂದಲ್ಲ, ಅದೇ ಕಾಯಿಲೆ ಅವರಿಗೂ ಇತ್ತು.

ಇಷ್ಟೂ ದಿನ ಅವ್ವ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅಪ್ಪ ಆಗೀಗ ಬರುತ್ತಿದ್ದ, ಅವ್ವನಿಗೆ ಕಾಲುನೋವು ಎನ್ನುತ್ತಿದ್ದ. ನನಗೆ ಮಗಳು ಹುಟ್ಟಿದಳು. ಆ ಗುಡಿಸಲಿನಲ್ಲಿ ಬಾಣಂತನ ಆಗುವಂತಿರಲಿಲ್ಲವೆಂದು ಹೆರಿಗೆ ಇಲ್ಲೇ ಆಯಿತು. ಆದರೆ ಕೂಸನ್ನು ತೊಟ್ಟಿಲಿಗೆ ಹಾಕುವುದು ತಾಯಿಯ ತಾಯಿ. ಅವಳು ಬಾರದಿದ್ದರೆ ನನಗೆ ತವರು ಸತ್ತ ಹಾಗೆ. ನನ್ನ ಗಂಡ ತಾವೇ ಗಾಡಿ ಕಟ್ಟಿಕೊಂಡು ಹೋದರು. ಬರುತ್ತಾಳೋ ಇಲ್ಲವೋ ಎಂದು ನಾನು ಬಾಗಿಲ ಕಡೆಯೇ ಕಿವಿಯಿಟ್ಟು ಮಲಗಿದ್ದೆ. ಅತ್ತೆಯೂ ಒಳಗೆ ಹೊರಗೆ ಓಡಾಡುತ್ತಲೇ ಇದ್ದರು.

ಬಂದಳು. ಕೂಸನ್ನು ಎತ್ತಿ ಎದೆಗೊತ್ತಿಕೊಂಡಳು, ತೊಟ್ಟಿಲಿಗೆ ಹಾಕಿದಳು, ಜೋಗುಳ ಹಾಡಿದಳು. ಊಟಕ್ಕೆ ಎಷ್ಟು ಕರೆದರೂ ಹಸಿವಿಲ್ಲ ಎಂದಳು. ನೀರೂ ಕುಡಿಯಲಿಲ್ಲ. ಹೊರಡುವಾಗ ಅತ್ತೆ ನನ್ನನ್ನು ಕರೆದು, "ನಿಮ್ಮವ್ವನ್ಗೆ ಮಡ್ಲು ತುಂಬಮ್ಮಿ. ಅಕ್ಕಿ ತುಂಬ್ಸಿ ಆಕು, ಲೆಕ್ಕ ನೋಡ್ಬ್ಯಾಡ" ಎಂದರು. ರಾಗಿಯ ಸೀಮೆಯಲ್ಲಿ ಅಕ್ಕಿ ಎಂದರೆ ಹಬ್ಬದ ಮಾತು. ಅವರು ವಿಧವೆ, ತಾವು ಮಡಿಲು ತುಂಬುವಂತಿಲ್ಲ, ಆದರೂ ಮೊರವನ್ನು ತಾವೇ ಎತ್ತಿ ತಂದರು. ಕ್ಷಮಿಸಿ ಎನ್ನಲು ಅವರಿಗೆ ಗೊತ್ತಿದ್ದದ್ದು ಅಷ್ಟೇ. ನಾನು ಕಣ್ಣೀರು ಸುರಿಸುತ್ತ ಅವ್ವನ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಯಡಿಕೆ ಹಾಕಿದೆ. ಅವ್ವ ತಲೆ ಬಗ್ಗಿಸಿ ಹಿಡಿಸಿಕೊಂಡಳು.

ಆಮೇಲೆ ನೇರ ಅತ್ತೆಯ ಮುಂದೆ ಹೋಗಿ ನಿಂತಳು. ಸೆರಗಿನ ಎರಡು ತುದಿಗಳನ್ನೂ ಹಿಡಿದು, ಇದ್ದದ್ದನ್ನೆಲ್ಲ ಅವರ ಕೈಯಲ್ಲಿದ್ದ ಮೊರಕ್ಕೆ ಸುರಿದಳು. ಒಂದು ಕಾಳೂ ಅಂಟಿಕೊಂಡಿರದ ಹಾಗೆ ಕೊಡವಿದಳು. ಸೆರಗಿನ ಒಳಮೈಯನ್ನು ಹೊರಕ್ಕೆ ತಿರುಗಿಸಿ ಹಿಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನೋಡ್ಕಳಿ ಬೀಗ್ತಿ. ಏನೂ ಇಲ್ಲ."

ನಮ್ಮತ್ತೆ ಮೊರವನ್ನು ಕೆಳಗಿಟ್ಟು, ಬಗ್ಗಿ, ಆ ಬರಿ ಸೆರಗನ್ನು ನಿಜಕ್ಕೂ ನೋಡಿದರು.